ಐರ್ಲೆಂಡಿನ ಬೇರು ಹುಡುಕುವವರಿಗೆ: ಮನೆಯ ಪೆಟ್ಟಿಗೆಯಿಂದ ಪೂರ್ವಜರ ಊರಿನವರೆಗೆ

ಬಾಸ್ಟನ್, ಲಿವರ್‌ಪೂಲ್, ಮೆಲ್ಬರ್ನ್, ಟೊರಾಂಟೊಗಳಲ್ಲಿ ‘ನಮ್ಮದು ಮೂಲತಃ ಐರಿಷ್ ಮನೆತನ’ ಎನ್ನುವವರಿಗೆ ಲೆಕ್ಕವಿಲ್ಲ. ಸ್ವಲ್ಪ ಕೆದಕಿ ಕೇಳಿದರೆ ಬಹುತೇಕರಿಗೆ ಗೊತ್ತಿರುವುದು ಎರಡೇ ಸಂಗತಿ: ಮರ್ಫಿ ಎಂದೋ ಸುಲಿವನ್ ಎಂದೋ ಒಂದು ಮನೆತನದ ಹೆಸರು, ಕಾರ್ಕ್ ಎಂದೋ ಮೇಯೊ ಎಂದೋ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಹೆಸರು. ಹೊರದೇಶದಲ್ಲಿ ನೆಲೆಸಿ ಐರಿಷ್ ಮೂಲದವರೊಂದಿಗೆ ಬೀಗತನ ಬೆಳೆಸಿದ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗಾಗಿ ವಂಶವೃಕ್ಷ ಬರೆಯಲು ಕುಳಿತಾಗ ಒಂದು ಕೊಂಬೆ ಅಲ್ಲಿಗೇ ನಿಂತುಬಿಡುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಮತ್ತು ಕೆಜಿಎಫ್‌ನ ಕೆಲವು ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ‘ಮುತ್ತಜ್ಜ ಐರ್ಲೆಂಡಿನಿಂದ ಬಂದ ಸಿಪಾಯಿ’ ಎಂಬ ಮಾತು ಮಾತಾಗಿಯೇ ಉಳಿದಿದೆ. ಈ ಲೇಖನ ಇವರೆಲ್ಲರಿಗಾಗಿ.

ಇಡೀ ಹುಡುಕಾಟದ ಬೀಗದ ಕೈ ಪೂರ್ವಜರ ಟೌನ್‌ಲ್ಯಾಂಡ್. ಐರ್ಲೆಂಡಿನಲ್ಲಿ ನೆಲದ ಅತಿ ಚಿಕ್ಕ ಘಟಕಕ್ಕೆ ಹೀಗೆನ್ನುತ್ತಾರೆ. ಕೆಲವದರಲ್ಲಿ ಹತ್ತಾರು ಮನೆಗಳು, ಕೆಲವದರಲ್ಲಿ ಎರಡೇ ಮನೆಗಳು. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚು ಇವೆ. ಒಂದು ಕೌಂಟಿಯಲ್ಲಿ ಒಂದೇ ಹೆಸರಿನ ನೂರು ಪ್ಯಾಟ್ರಿಕ್ ಮರ್ಫಿಗಳು ಸಿಗಬಹುದು. ಒಂದು ಟೌನ್‌ಲ್ಯಾಂಡಿನಲ್ಲಿ ಒಬ್ಬನೋ ಇಬ್ಬರೋ ಇರುತ್ತಾರೆ. ಆದ್ದರಿಂದ ಮುಂದಿನ ಹೆಜ್ಜೆಗಳೆಲ್ಲ ಮೊದಲು ಊರು, ಆಮೇಲೆ ವ್ಯಕ್ತಿ ಎಂಬ ಕ್ರಮದಲ್ಲಿವೆ.

ಮೊದಲ ಹೆಜ್ಜೆ: ಮನೆಯಲ್ಲಿರುವುದನ್ನು ಒಟ್ಟುಮಾಡಿ

ಅಂತರ್ಜಾಲ ತೆರೆಯುವ ಮೊದಲು ಅಟ್ಟದ ಪೆಟ್ಟಿಗೆ ತೆರೆಯಿರಿ. ಹಳೆಯ ಪ್ರಾರ್ಥನಾ ಪುಸ್ತಕದ ಮೊದಲ ಹಾಳೆ, ಫೋಟೊಗಳ ಬೆನ್ನಿನ ಬರಹ, ಪತ್ರಗಳ ಮೇಲಿನ ಅಂಚೆ ಮುದ್ರೆ, ತೀರಿಕೊಂಡವರ ನೆನಪಿಗಾಗಿ ಕ್ಯಾಥೊಲಿಕ್ ಮನೆಗಳಲ್ಲಿ ಹಂಚುವ ಪುಟ್ಟ ಕಾರ್ಡುಗಳು, ಪತ್ರಿಕೆಯಿಂದ ಕತ್ತರಿಸಿಟ್ಟ ನಿಧನವಾರ್ತೆ, ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ಊರಿನ ಹೆಸರು ಅಡಗಿರಬಹುದು. ಗೋರಿಕಲ್ಲುಗಳನ್ನಂತೂ ಬಿಡಲೇಬೇಡಿ. 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಐರಿಷರು ತಮ್ಮವರ ಗೋರಿಯ ಮೇಲೆ ಹುಟ್ಟಿದ ಕೌಂಟಿಯನ್ನೂ ಹಲವೊಮ್ಮೆ ಪ್ಯಾರಿಷ್ಷಿನ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳ) ಹೆಸರನ್ನೂ ಕೆತ್ತಿಸುತ್ತಿದ್ದರು. ಯಾವ ಸರ್ಕಾರಿ ಕಾಗದದಲ್ಲೂ ಸಿಗದ ವಿವರ ಕಲ್ಲಿನ ಮೇಲೆ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ.

ಹಿರಿಯರ ಬಳಿ ಮಾತನಾಡುವಾಗ ಊರಿನ ಹೆಸರನ್ನು ಅವರು ಉಚ್ಚರಿಸಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ವಲಸೆ ಹೋದವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಗುಮಾಸ್ತನ ಕಿವಿಗೆ ಕೇಳಿದಂತೆ ಹೆಸರು ಕಾಗದಕ್ಕೆ ಇಳಿಯಿತು. ಮನೆಯಲ್ಲಿ ಉಳಿದ ಉಚ್ಚಾರಣೆಯೇ ಕಾಗದಕ್ಕಿಂತ ಮೂಲಕ್ಕೆ ಹತ್ತಿರವಿರುತ್ತದೆ. ಸ್ಥಳನಾಮಗಳಿಗಾಗಿ ಐರ್ಲೆಂಡಿನ ಅಧಿಕೃತ ತಾಣ ‘ಲಾಗೈನ್ಮ್ ಡಾಟ್ ಐಇ’ (logainm.ie) ಇದೆ. ಅಲ್ಲಿ ಒಂದೇ ಊರಿನ ಐರಿಷ್ ಮತ್ತು ಇಂಗ್ಲಿಷ್ ರೂಪಗಳೆರಡೂ ಸಿಗುತ್ತವೆ.

‘ನಮ್ಮವರು ಕಾರ್ಕ್‌ನವರು’ ಎಂಬ ಮಾತನ್ನು ಮಾತ್ರ ಒಮ್ಮೆಗೇ ನಂಬಬೇಡಿ. ಕಾರ್ಕ್ ಕೌಂಟಿಯ ಕೋವ್ ಬಂದರಿನಿಂದ ಹಡಗು ಹತ್ತಿದವರೆಲ್ಲ ಕಾರ್ಕ್‌ನವರಲ್ಲ. ಸುತ್ತಲಿನ ಕೆರಿ, ಲಿಮರಿಕ್, ಟಿಪ್ಪರರಿಗಳಿಂದ ಬಂದು ಅಲ್ಲಿಂದ ಹೊರಟವರು ಅಸಂಖ್ಯ.

ಎರಡನೆಯ ಹೆಜ್ಜೆ: ಹೋಗಿ ಸೇರಿದ ದೇಶದ ದಾಖಲೆ

ಅವಸರಪಟ್ಟು ನೇರವಾಗಿ ಐರ್ಲೆಂಡಿನ ದಾಖಲೆಗಳಿಗೆ ಹಾರಿದರೆ ಯಾರದೋ ಅಜ್ಜನನ್ನು ನಮ್ಮ ಅಜ್ಜನೆಂದು ಕರೆತರುವುದು ಖಂಡಿತ. ಆನಿ ಮೂರ್ ಎಂಬ ಹುಡುಗಿಯ ಕಥೆಯನ್ನು ಇದಕ್ಕಾಗಿಯೇ ಹೇಳಬೇಕು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಕಾಲಿಟ್ಟವಳು ಇವಳು. ಕೋವ್‌ನಿಂದ ‘ನೆವಾಡ’ ಹಡಗಿನಲ್ಲಿ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದಿದ್ದಳು. ಅಧಿಕಾರಿಗಳು ಅವಳಿಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಆಮೇಲೆ ಅವಳೇನಾದಳು? ಟೆಕ್ಸಾಸಿಗೆ ಹೋಗಿ ನೆಲೆಸಿ, ಅಲ್ಲಿ ಟ್ರಾಮ್ ಅಪಘಾತದಲ್ಲಿ ತೀರಿಕೊಂಡಳು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಆ ಟೆಕ್ಸಾಸಿನ ಕುಟುಂಬದವರನ್ನು ಸಮಾರಂಭಗಳಿಗೂ ಕರೆಯಲಾಗುತ್ತಿತ್ತು. ವಂಶಾವಳಿ ತಜ್ಞೆ ಮೇಗನ್ ಸ್ಮೊಲೆನ್ಯಾಕ್ ದಾಖಲೆ ಹಿಡಿದು ಪರಿಶೀಲಿಸಿದಾಗ ಟೆಕ್ಸಾಸಿನ ಆನಿ ಹುಟ್ಟಿದ್ದೇ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಎಂದು ತಿಳಿಯಿತು. ನಿಜವಾದ ಆನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಅಲ್ಲೇ ಮದುವೆಯಾಗಿ, ಬಡತನದಲ್ಲಿ ಮಕ್ಕಳನ್ನು ಹೆತ್ತು, 1924ರಲ್ಲಿ ತೀರಿಕೊಂಡು, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಹೆಸರು ಬರೆಯದ ಗೋರಿಯಲ್ಲಿದ್ದಳು. ಈ ಸತ್ಯ ಹೊರಬಿದ್ದದ್ದು 2006ರಲ್ಲಿ, ಗೋರಿಗೆ ಕಲ್ಲು ಬಂದದ್ದು 2008ರಲ್ಲಿ. ಇಷ್ಟು ಪ್ರಸಿದ್ಧಳ ವಿಷಯದಲ್ಲೇ ಹೆಸರೊಂದನ್ನೇ ನೋಡಿ ಗುರುತಿಸಿದ್ದು ಹೀಗೆ ತಪ್ಪಾಯಿತು. ಹೆಸರಿನ ಜೊತೆಗೆ ತಂದೆ ತಾಯಿ, ಒಡಹುಟ್ಟಿದವರು, ಸರಿಸುಮಾರು ಹುಟ್ಟಿದ ವರ್ಷ ಇವುಗಳಲ್ಲಿ ಎರಡಾದರೂ ತಾಳೆಯಾಗದೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ.

ಅಮೆರಿಕದ ಪೌರತ್ವದ ಕಾಗದಗಳಲ್ಲಿ 1906ಕ್ಕೆ ಮುಂಚಿನವು ಸಾಮಾನ್ಯವಾಗಿ ‘ಐರ್ಲೆಂಡ್’ ಎಂದಷ್ಟೇ ಹೇಳಿ ಮುಗಿಸುತ್ತವೆ, ಅನಂತರದವು ಹುಟ್ಟೂರು ಹೇಳುತ್ತವೆ. ನ್ಯೂಯಾರ್ಕಿನಲ್ಲಿ ಇದ್ದವರಾದರೆ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪುಸ್ತಕಗಳನ್ನು ಮರೆಯಬೇಡಿ. 1850ರಲ್ಲಿ ಐರಿಷ್ ವಲಸಿಗರಿಗಾಗಿಯೇ ಹುಟ್ಟಿದ ಈ ಬ್ಯಾಂಕು, ಸಹಿ ಹಾಕಲು ಬಾರದ ಗ್ರಾಹಕರನ್ನು ಗುರುತಿಸಲು ಖಾತೆ ತೆರೆಯುವಾಗಲೇ ಹುಟ್ಟಿದ ಊರು, ಬಂದ ಹಡಗು, ತಂದೆ ತಾಯಿಯ ಹೆಸರು, ಒಡಹುಟ್ಟಿದವರು ಎಲ್ಲೆಲ್ಲಿದ್ದಾರೆ ಎಂಬುದನ್ನು ಬರೆದುಕೊಳ್ಳುತ್ತಿತ್ತು. ಹಣದ ಭದ್ರತೆಗೆಂದು ಬರೆದ ಆ ಸಾಲುಗಳು ಇಂದು ಕುಟುಂಬದ ಇತಿಹಾಸವಾಗಿವೆ. ಮೂಲ ಪುಸ್ತಕಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಬಾಸ್ಟನ್ನಿನ ‘ಪೈಲಟ್’ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳನ್ನು ಪ್ರಕಟಿಸಿತು. ರೈಲು ಹಳಿ ಹಾಕಲು, ಕಾಲುವೆ ತೋಡಲು ಹೋಗಿ ಸುದ್ದಿಯಿಲ್ಲದಾದ ಗಂಡನನ್ನು ಹೆಂಡತಿ, ಅಣ್ಣನನ್ನು ತಂಗಿ ಅಲ್ಲಿ ಕೂಗಿ ಕರೆಯುತ್ತಾರೆ. ಯಾವ ಕೌಂಟಿ, ಯಾವ ಪ್ಯಾರಿಷ್, ಯಾವ ವರ್ಷ ಹೊರಟದ್ದು, ಕೊನೆಯ ಬಾರಿ ಎಲ್ಲಿ ಕೆಲಸಕ್ಕಿದ್ದದ್ದು, ಎಲ್ಲವೂ ನಾಲ್ಕೈದು ಸಾಲಿನಲ್ಲಿ. ಬಾಸ್ಟನ್ ಕಾಲೇಜು ಇವನ್ನು ಹುಡುಕಲು ಬರುವಂತೆ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ಮನೆತನದವರು ಸಿಗದಿದ್ದರೂ ಒಂದು ಸಂಜೆ ಕೂತು ಓದಿ. ವಲಸೆ ಎಂದರೆ ಏನಾಗಿತ್ತೆಂದು ಯಾವ ಇತಿಹಾಸ ಪುಸ್ತಕಕ್ಕಿಂತ ಹೆಚ್ಚಾಗಿ ಅವು ಹೇಳುತ್ತವೆ.

ಆಸ್ಟ್ರೇಲಿಯಕ್ಕೆ ಹೋದವರ ಮನೆಯವರು ಅದೃಷ್ಟವಂತರು. ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್‌ನ ಮರಣ ಪ್ರಮಾಣಪತ್ರಗಳು 1850ರ ದಶಕದಿಂದಲೇ ತಂದೆ ತಾಯಿಯ ಹೆಸರು, ಹುಟ್ಟಿದ ಸ್ಥಳ, ಮದುವೆಯಾದ ಸ್ಥಳ, ಮಕ್ಕಳ ಹೆಸರುಗಳನ್ನು ಕೇಳುತ್ತವೆ. ಇಂಗ್ಲೆಂಡಿಗೆ ಹೋದವರ ವಿಷಯದಲ್ಲಿ ದಾರಿ ಹೆಚ್ಚು ಕಷ್ಟದ್ದು. ಅಲ್ಲಿನ ಜನಗಣತಿ ಹಲವೊಮ್ಮೆ ದೇಶದ ಹೆಸರಿಗೇ ನಿಂತುಬಿಡುತ್ತದೆ. ಅಲ್ಲಿ ಕ್ಯಾಥೊಲಿಕ್ ಚರ್ಚಿನ ಮದುವೆ ಪುಸ್ತಕವೇ ಗತಿ.

ಮೂರನೆಯ ಹೆಜ್ಜೆ: ಏನು ಸುಟ್ಟಿತು, ಏನು ಉಳಿಯಿತು

ಐರಿಷ್ ದಾಖಲೆಗಳನ್ನು ಹುಡುಕುವವರು 1922ರ ಜೂನ್ 30ರ ದಿನವನ್ನು ತಿಳಿದಿರಲೇಬೇಕು. ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್‌ನ ‘ಫೋರ್ ಕೋರ್ಟ್ಸ್’ ಕಟ್ಟಡಗಳ ಸಮುಚ್ಚಯವನ್ನು, ಬ್ರಿಟನ್ನಿನೊಂದಿಗೆ ಮಾಡಿಕೊಂಡ ಒಪ್ಪಂದವನ್ನು ವಿರೋಧಿಸಿದ ಪಡೆ ಹಿಡಿದು ಕೂತಿತ್ತು. ಸರ್ಕಾರಿ ಪಡೆಯ ಫಿರಂಗಿ ದಾಳಿಯ ನಡುವೆ ಅಲ್ಲೊಂದು ಭಾರಿ ಸ್ಫೋಟವಾಗಿ, ಸಾರ್ವಜನಿಕ ದಾಖಲೆಗಳ ಭಂಡಾರ ಹೊತ್ತಿ ಉರಿಯಿತು. ಏಳು ಶತಮಾನಗಳ ಕಾಗದ ಬೂದಿಯಾಯಿತು. 1821, 1831, 1841, 1851ರ ಜನಗಣತಿಯ ಮನೆಮನೆಯ ಹಾಳೆಗಳು ಚೂರುಪಾರು ಬಿಟ್ಟು ಅಲ್ಲೇ ಹೋದವು. 1861 ಮತ್ತು 1871ರವನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಮಾಡಿತ್ತು. 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಕೊರತೆಯೆಂದು ಅರೆದು ಮತ್ತೆ ಕಾಗದ ಮಾಡಿದರು. ಈ ಪಟ್ಟಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆಲೂಗಡ್ಡೆ ಬೆಳೆ ಕೊಳೆತು 1845ರಲ್ಲಿ ಶುರುವಾದ ಮಹಾಕ್ಷಾಮಕ್ಕೆ ಮುಂಚೆ, 1841ರಲ್ಲಿ, ಎಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ ಹತ್ತು ವರ್ಷದಲ್ಲಿ ಅರವತ್ತೈದು ಲಕ್ಷಕ್ಕೆ ಕುಸಿಯಿತು. ಸುಮಾರು ಹತ್ತು ಲಕ್ಷ ಮಂದಿ ಹಸಿವು ಮತ್ತು ಜ್ವರಕ್ಕೆ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಅವರೆಲ್ಲರ ಮನೆಮಂದಿಯ ಹೆಸರು ಬರೆದಿದ್ದ ಹಾಳೆಗಳೇ ಇಲ್ಲ.

ಆದರೆ ‘ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆ’ ಎಂದು ಕೈಚೆಲ್ಲುವುದು ಸರಿಯಲ್ಲ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು, ಜನನ ಮರಣ ನೋಂದಣಿ, ಭೂಮಿಯ ತೆರಿಗೆ ಮೌಲ್ಯಮಾಪನ, 1901 ಮತ್ತು 1911ರ ಜನಗಣತಿ ಆ ಕಟ್ಟಡದಲ್ಲಿ ಇರಲಿಲ್ಲ. ಸುಟ್ಟದ್ದರ ಪ್ರತಿಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಹುಡುಕಿ ಜೋಡಿಸಿ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ 2022ರಲ್ಲಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ’ ಎಂಬ ಉಚಿತ ಡಿಜಿಟಲ್ ಭಂಡಾರವನ್ನೂ ತೆರೆಯಲಾಗಿದೆ.

ನಾಲ್ಕನೆಯ ಹೆಜ್ಜೆ: ಜನಗಣತಿ ಮತ್ತು ನೋಂದಣಿ

1901 ಮತ್ತು 1911ರ ಜನಗಣತಿ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಪೂರ್ವಜರು ಅದಕ್ಕೆ ಮುಂಚೆಯೇ ಹೊರಟುಹೋಗಿದ್ದರೂ ನೋಡಿ. ಊರಲ್ಲಿ ಉಳಿದ ಅಣ್ಣನೋ ಮುದಿ ತಾಯಿಯೋ ಅಲ್ಲಿರುತ್ತಾರೆ. ಮೂಲ ಹಾಳೆಯ ಚಿತ್ರವನ್ನೇ ತೆರೆಯಿರಿ, ಬೆರಳಚ್ಚಿನ ಪಟ್ಟಿಗೆ ನಿಲ್ಲಬೇಡಿ. ಯಾರಿಗೆ ಓದಲು ಬರುತ್ತಿತ್ತು, ಯಾರು ಐರಿಷ್ ಮಾತನಾಡುತ್ತಿದ್ದರು ಎಂಬುದು ಅದರಲ್ಲಿದೆ. ಜೊತೆಗಿರುವ ಮನೆಗಳ ಪಟ್ಟಿಯಲ್ಲಿ ಗೋಡೆ ಕಲ್ಲಿನದೋ ಮಣ್ಣಿನದೋ, ಸೂರು ಹುಲ್ಲಿನದೋ, ಮುಂಭಾಗದಲ್ಲಿ ಎಷ್ಟು ಕಿಟಕಿ ಎಂದು ಎಣಿಸಿ ಮನೆಯ ದರ್ಜೆ ಬರೆದಿದ್ದಾರೆ. 1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಕೇಳಿದ್ದಾರೆ. ಒಂಬತ್ತು ಹುಟ್ಟಿ ಐದು ಉಳಿದ ಮನೆಯಲ್ಲಿ, ಹೆಸರು ಸಿಗದ ನಾಲ್ವರಿಗಾಗಿ ಮರಣ ನೋಂದಣಿಯಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಈ ಎರಡು ಜನಗಣತಿಗಳ ನಡುವೆ ಅನೇಕ ಮುದುಕರ ವಯಸ್ಸು ಹತ್ತು ವರ್ಷಕ್ಕೆ ಬದಲು ಹದಿನೈದು, ಹದಿನೆಂಟು ವರ್ಷ ಏರಿರುವುದು ಕಾಣುತ್ತದೆ. ಕಾರಣ 1909ರ ಜನವರಿಯಿಂದ ಜಾರಿಗೆ ಬಂದ ವೃದ್ಧಾಪ್ಯ ವೇತನ: ಎಪ್ಪತ್ತು ತುಂಬಿದವರಿಗೆ ವಾರಕ್ಕೆ ಐದು ಶಿಲಿಂಗ್. ಎಲ್ಲರ ಜನನವನ್ನೂ ನೋಂದಾಯಿಸುವ ಪದ್ಧತಿ ಬಂದದ್ದು 1864ರಲ್ಲಾದ್ದರಿಂದ ಅವರಲ್ಲಿ ಯಾರ ಬಳಿಯೂ ಜನನ ಪತ್ರವಿರಲಿಲ್ಲ. ಹಾಗಾಗಿ 1841 ಅಥವಾ 1851ರ ಜನಗಣತಿಯಲ್ಲಿ ಮಗುವಾಗಿದ್ದಾಗ ತನ್ನ ಹೆಸರು ಇದೆಯೇ ನೋಡಿ ಎಂದು ಅರ್ಜಿ ಹಾಕಬೇಕಿತ್ತು. ಅರ್ಜಿಯಲ್ಲಿ ತಂದೆ ತಾಯಿಯ ಹೆಸರು, ಆಗಿನ ಟೌನ್‌ಲ್ಯಾಂಡ್, ಪ್ಯಾರಿಷ್ ಎಲ್ಲ ಬರೆಯಬೇಕು. ಗುಮಾಸ್ತರು ಹಳೆಯ ಜನಗಣತಿ ತೆಗೆದು ಸಿಕ್ಕಿದ್ದನ್ನು ಅದರ ಮೇಲೇ ಬರೆದರು. 1922ರಲ್ಲಿ ಮೂಲ ಸುಟ್ಟರೂ ಈ ಅರ್ಜಿಗಳು ಉಳಿದವು. ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ‘ಸೆನ್ಸಸ್ ಸರ್ಚ್ ಫಾರ್ಮ್ಸ್’ ಎಂಬ ವಿಭಾಗದಲ್ಲಿ ಇವೆ. ಕ್ಷಾಮದ ಕಾಲದ ಮನೆಯೊಂದರ ಮಂದಿಯನ್ನು ಹೆಸರು ಹಿಡಿದು ತೋರಿಸುವ ಇಂಥ ಕಾಗದ ಬಹಳ ವಿರಳ. ತಪ್ಪದೆ ನೋಡಿ.

ಸ್ವತಂತ್ರ ರಾಜ್ಯವಾದ ಮೇಲಿನ ಮೊದಲ ಜನಗಣತಿ ನಡೆದದ್ದು 1926ರ ಏಪ್ರಿಲ್ 18ರಂದು. ಅದರ ನೂರು ವರ್ಷದ ಗೋಪ್ಯತೆಯ ಅವಧಿ 2026ರ ಏಪ್ರಿಲ್‌ವರೆಗಿನದು. ಇದರಲ್ಲಿ ಉತ್ತರ ಐರ್ಲೆಂಡಿನ ಆರು ಕೌಂಟಿಗಳು ಸೇರಿಲ್ಲ.

ಜನನ, ಮದುವೆ, ಮರಣಗಳ ನೋಂದಣಿಗೆ ‘ಐರಿಷ್‌ಜೀನಿಯಾಲಜಿ ಡಾಟ್ ಐಇ’ ಎಂಬ ಸರ್ಕಾರಿ ತಾಣವಿದೆ, ಶುಲ್ಕವಿಲ್ಲ. ನೂರು ವರ್ಷ ದಾಟಿದ ಜನನ, 75 ವರ್ಷ ದಾಟಿದ ಮದುವೆ, 50 ವರ್ಷ ದಾಟಿದ ಮರಣಗಳ ಮೂಲ ಪುಟಗಳನ್ನು ಹಂತಹಂತವಾಗಿ ಅಲ್ಲಿ ಹಾಕುತ್ತಾರೆ. ಕ್ಯಾಥೊಲಿಕೇತರ ಮದುವೆಗಳು 1845ರಿಂದಲೇ ಇವೆ. ದೀಕ್ಷಾಸ್ನಾನದ ದಿನಾಂಕ ಜನನಕ್ಕಿಂತ ಮುಂಚಿನದಾಗಿ ಕಂಡರೆ ಬೆಚ್ಚಬೇಡಿ. ನೋಂದಣಿ ತಡವಾದರೆ ದಂಡ ಕಟ್ಟಬೇಕಾಗಿದ್ದರಿಂದ ತಂದೆ ತಾಯಿ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿ ಹೇಳುತ್ತಿದ್ದರು. ಇಂಥಲ್ಲಿ ಚರ್ಚಿನ ದಿನಾಂಕವನ್ನು ನಂಬಿ.

ಮನೆತನದ ಹೆಸರನ್ನು ಹುಡುಕುವಾಗ ‘ಓ’ ಮತ್ತು ‘ಮ್ಯಾಕ್’ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ. ಇಂಗ್ಲಿಷ್ ಆಳ್ವಿಕೆಯಲ್ಲಿ ಉದುರಿದ ಈ ಪೂರ್ವಪದಗಳನ್ನು ಹಲವು ಕುಟುಂಬಗಳು 19ನೆಯ ಶತಮಾನದ ಕೊನೆಯ ಹೊತ್ತಿಗೆ ಮತ್ತೆ ಅಂಟಿಸಿಕೊಂಡವು. ಒಂದೇ ಮನೆಯ ಅಜ್ಜ ಸುಲಿವನ್, ಮೊಮ್ಮಗ ಓ’ಸುಲಿವನ್ ಆಗಿರುವುದು ಸಾಮಾನ್ಯ.

ಐದನೆಯ ಹೆಜ್ಜೆ: ಚರ್ಚಿನ ಪುಸ್ತಕ, ನೆಲದ ಪುಸ್ತಕ

1864ಕ್ಕೆ ಹಿಂದೆ ಹೋಗಲು ಕ್ಯಾಥೊಲಿಕ್ ಕುಟುಂಬಗಳಿಗೆ ಪ್ಯಾರಿಷ್ ಪುಸ್ತಕಗಳೇ ಆಧಾರ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು, ಸುಮಾರು 1880ರವರೆಗಿನವು. ಪುಟಗಳು ಮಸುಕು, ಕೈಬರಹ ಗೋಜಲು, ಹಲವೆಡೆ ಲ್ಯಾಟಿನ್. ಯಾಕೋಬುಸ್ ಎಂದಿದ್ದರೆ ಜೇಮ್ಸ್, ಗುಲಿಯೆಲ್ಮುಸ್ ಎಂದಿದ್ದರೆ ವಿಲಿಯಂ. ಮಗುವಿನ ಹೆಸರಿಗಿಂತ ಕೊನೆಯಲ್ಲಿರುವ ಇಬ್ಬರು ಸಾಕ್ಷಿಗಳ, ಅಂದರೆ ಗಾಡ್‌ಪೇರೆಂಟ್‌ಗಳ ಹೆಸರನ್ನು ಕಣ್ಣಿಟ್ಟು ಓದಿ. ಅವರು ಬಹುಪಾಲು ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರು. ಅದೇ ಹೆಸರುಗಳು ಬಾಸ್ಟನ್ನಿನ ಮದುವೆ ಪುಸ್ತಕದಲ್ಲೂ ಸಾಕ್ಷಿಗಳಾಗಿ ಕಂಡರೆ ನೀವು ಸರಿಯಾದ ಊರಿಗೆ ಬಂದಿದ್ದೀರಿ. ಮಕ್ಕಳ ಹೆಸರಿನ ಕ್ರಮವೂ ನೆರವಾಗುತ್ತದೆ: ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರಿಡುವ ವಾಡಿಕೆ ಬಹಳ ಮನೆಗಳಲ್ಲಿತ್ತು. ಇದು ಸುಳಿವು ಮಾತ್ರ, ಪುರಾವೆಯಲ್ಲ. ಕ್ಯಾಥೊಲಿಕ್ ಪ್ಯಾರಿಷ್ ಬೇರೆ, ಸರ್ಕಾರಿ ಪ್ಯಾರಿಷ್ ಬೇರೆ ಎಂಬುದೂ ನೆನಪಿರಲಿ. ಎರಡರ ಗಡಿಯೂ ಹೆಸರೂ ಹೊಂದಬೇಕೆಂದಿಲ್ಲ.

ನೆಲದ ಪುಸ್ತಕವೆಂದರೆ ಗ್ರಿಫಿತ್ ಮೌಲ್ಯಮಾಪನ. ರಿಚರ್ಡ್ ಗ್ರಿಫಿತ್ ನೇತೃತ್ವದಲ್ಲಿ 1847ರಿಂದ 1864ರವರೆಗೆ ಇಡೀ ದ್ವೀಪದ ಹೊಲ, ಮನೆ, ಗುಡಿಸಲುಗಳನ್ನು ಅಳೆದು, ತೆರಿಗೆಗಾಗಿ ಬೆಲೆ ಕಟ್ಟಿ ಅಚ್ಚುಹಾಕಿದ ಪಟ್ಟಿ ಇದು. ಕೃಷಿ ಕುಟುಂಬದಿಂದ ಬಂದ ಕನ್ನಡಿಗರಿಗೆ ಇದು ಪಹಣಿಯ ಹಾಗೆಯೇ ಓದಿಸಿಕೊಳ್ಳುತ್ತದೆ: ಸಾಗುವಳಿ ಮಾಡುವವನು ಯಾರು, ಯಾರಿಂದ ಗೇಣಿಗೆ ಪಡೆದಿದ್ದಾನೆ, ಎಷ್ಟು ವಿಸ್ತೀರ್ಣ, ಎಷ್ಟು ಮೌಲ್ಯ. ಪ್ರತಿ ಸಾಲಿನ ಮೊದಲಿಗಿರುವ ಅಂಕಿ ಮತ್ತು ಅಕ್ಷರವನ್ನು ಜೊತೆಗಿನ ನಕ್ಷೆಯಲ್ಲಿ ಹುಡುಕಿದರೆ ಆ ಮನೆ ನಿಂತಿದ್ದ ಜಾಗವೇ ಸಿಗುತ್ತದೆ. ‘ಆಸ್ಕ್ ಅಬೌಟ್ ಐರ್ಲೆಂಡ್’ ತಾಣದಲ್ಲಿ ಪಟ್ಟಿ, ನಕ್ಷೆ ಎರಡೂ ಉಚಿತ. ಇದರ ಮುಂದಿನ ವರ್ಷಗಳ ಪರಿಷ್ಕರಣ ಪುಸ್ತಕಗಳಲ್ಲಿ ಹಳೆಯ ಹೆಸರನ್ನು ಹೊಡೆದು ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೆದಿರುತ್ತಾರೆ. ಹೊಡೆದ ವರ್ಷದ ಆಸುಪಾಸಿನಲ್ಲಿ ಒಂದು ಸಾವೋ ವಲಸೆಯೋ ಆಗಿದೆಯೆಂದು ತಿಳಿದು ಆ ವರ್ಷಗಳ ಮರಣ ನೋಂದಣಿ ಮತ್ತು ಹಡಗಿನ ಪಟ್ಟಿ ನೋಡಿ. ಕ್ಷಾಮಕ್ಕೆ ಹಿಂದಿನ ಕಾಲಕ್ಕೆ 1823ರಿಂದ 1837ರ ದಶಾಂಶ ತೆರಿಗೆಯ (ಚರ್ಚಿಗಾಗಿ ರೈತರು ಕಟ್ಟಬೇಕಿದ್ದ ತೆರಿಗೆಯ) ಪುಸ್ತಕಗಳಿವೆ, ಆದರೆ ಅವುಗಳಲ್ಲಿ ಜಮೀನಿಲ್ಲದ ಕೂಲಿಯವರು ಇಲ್ಲ.

ಆರನೆಯ ಹೆಜ್ಜೆ: ಭಾರತಕ್ಕೆ ಬಂದ ಐರಿಷರು

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲೂ ಬ್ರಿಟಿಷ್ ರೆಜಿಮೆಂಟುಗಳಲ್ಲೂ ಐರಿಷ್ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಬಂದವರೆಲ್ಲ ಸಾಮ್ರಾಜ್ಯಕ್ಕೆ ನಿಷ್ಠರಾಗಿ ಉಳಿಯಲಿಲ್ಲ ಎಂಬುದೂ ನೆನಪಿರಲಿ: 1920ರಲ್ಲಿ ಜಲಂಧರದಲ್ಲಿದ್ದ ಕಾನಾಟ್ ರೇಂಜರ್ಸ್ ಎಂಬ ಐರಿಷ್ ರೆಜಿಮೆಂಟಿನ ಸೈನಿಕರು ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯನ್ನು ಪ್ರತಿಭಟಿಸಿ ದಂಗೆಯೆದ್ದರು, ಅವರಲ್ಲಿ ಒಬ್ಬನಾದ ಜೇಮ್ಸ್ ಡೇಲಿಯನ್ನು ಅದೇ ವರ್ಷ ನವೆಂಬರ್ 2ರಂದು ದಗ್ಶಾಯಿಯಲ್ಲಿ ಗುಂಡಿಟ್ಟು ಕೊಂದರು.

1809ರಲ್ಲಿ ಸ್ಥಾಪನೆಯಾದ ಬೆಂಗಳೂರು ದಂಡಿನಲ್ಲಿ ನೆಲೆಸಿದ ಕುಟುಂಬವಾದರೆ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳನ್ನು ನೋಡಬೇಕು. ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ‘ಎನ್/2’ ಎಂಬ ಸಂಖ್ಯೆಯಡಿ ಇವೆ. ಕ್ಯಾಥೊಲಿಕರ ಪ್ರತಿಗಳು ಅಲ್ಲಿ ಪೂರ್ಣವಾಗಿಲ್ಲದ ಕಾರಣ ಸೇಂಟ್ ಪ್ಯಾಟ್ರಿಕ್ಸ್‌ನಂಥ ನಗರದ ಹಳೆಯ ಚರ್ಚುಗಳಲ್ಲೇ ಪತ್ರ ಬರೆದು ವಿಚಾರಿಸುವುದು ಒಳ್ಳೆಯದು. ಸಿಪಾಯಿಯ ಹೆಸರು, ರೆಜಿಮೆಂಟ್ ಗೊತ್ತಾದರೆ ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ‘ಡಬ್ಲ್ಯುಒ 97’ ಸರಣಿಗೆ ಹೋಗಿ. ಪಿಂಚಣಿ ಪಡೆದು ಬಿಡುಗಡೆಯಾದ ಸೈನಿಕರ ಕಾಗದಗಳಲ್ಲಿ ಹುಟ್ಟಿದ ಪ್ಯಾರಿಷ್, ಕೌಂಟಿ, ಸೇರಿದಾಗಿನ ಕಸುಬು, ಕಣ್ಣಿನ ಬಣ್ಣದವರೆಗೆ ವಿವರವಿರುತ್ತದೆ. ಸೇವೆಯಲ್ಲಿದ್ದಾಗಲೇ ಸತ್ತವರು ಇದರಲ್ಲಿ ಸಿಗುವುದಿಲ್ಲ. ‘ಫಿಬಿಸ್’ ಎಂದು ಕರೆಯುವ ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘದ ತಾಣದಲ್ಲಿ ಉಚಿತವಾಗಿ ಹುಡುಕಬಹುದು, ಮೊದಲು ಅಲ್ಲಿಂದಲೇ ಶುರುಮಾಡಿ.

ಏಳನೆಯ ಹೆಜ್ಜೆ: ಊರಿಗೆ ಹೋಗುವ ಮುನ್ನ

ಟೌನ್‌ಲ್ಯಾಂಡ್ ಸಿಕ್ಕಿತೆಂದು ಒಡನೆ ವಿಮಾನದ ಟಿಕೆಟ್ ತೆಗೆಯಬೇಡಿ. ‘ಐರ್ಲೆಂಡ್ ರೀಚಿಂಗ್ ಔಟ್’ ಎಂಬ ಸಂಸ್ಥೆಯಲ್ಲಿ ಪ್ಯಾರಿಷ್‌ವಾರು ಸ್ವಯಂಸೇವಕರಿದ್ದಾರೆ. ಹೆಸರು, ಊರು, ಹೊರಟ ವರ್ಷ ಕೊಟ್ಟು ಪ್ರಶ್ನೆ ಕಳಿಸಿದರೆ ಅಲ್ಲೇ ಹುಟ್ಟಿ ಬೆಳೆದವರೇ ಉತ್ತರಿಸುತ್ತಾರೆ. ಪೂರ್ವಜರು ದೊಡ್ಡ ಜಮೀನ್ದಾರನ ಒಕ್ಕಲಾಗಿದ್ದರೆ ಆ ಎಸ್ಟೇಟಿನ ಕಾಗದಗಳು ಎಲ್ಲಿವೆಯೆಂದು ವಿಚಾರಿಸಿ. ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್‌ನಲ್ಲಿ 1847ರಲ್ಲಿ 1,490 ಒಕ್ಕಲುಗಳನ್ನು ಡಬ್ಲಿನ್‌ವರೆಗೆ ನಡೆಸಿ, ಲಿವರ್‌ಪೂಲ್ ಮೂಲಕ ಕ್ವಿಬೆಕ್‌ಗೆ ಸಾಗಹಾಕಿದರು. ಅವರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಆ ಎಸ್ಟೇಟಿನ ಮನೆಯ ಆವರಣದಲ್ಲೇ ಈಗ ರಾಷ್ಟ್ರೀಯ ಕ್ಷಾಮ ವಸ್ತುಸಂಗ್ರಹಾಲಯವಿದೆ.

ಪೌರತ್ವದ ಆಸೆಯಿಂದ ಹುಡುಕುವವರಿಗೆ ಒಂದು ಮಾತು. ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ವಿದೇಶಿ ಜನನ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಿಸಲು ಅರ್ಜಿ ಹಾಕಬಹುದು. ಮುತ್ತಜ್ಜನ ಆಧಾರದಲ್ಲಿ ಕೇಳುವುದಾದರೆ, ನೀವು ಹುಟ್ಟುವ ಮುನ್ನವೇ ನಿಮ್ಮ ತಂದೆಯೋ ತಾಯಿಯೋ ಹೀಗೆ ನೋಂದಾಯಿಸಿಕೊಂಡಿರಬೇಕು. ಅರ್ಜಿಗೆ ಅಜ್ಜ ಅಥವಾ ಅಜ್ಜಿಯಿಂದ ನಿಮ್ಮವರೆಗೆ ಪ್ರತಿ ತಲೆಮಾರಿನ ಜನನ ಮತ್ತು ಮದುವೆಯ ಮೂಲ ಪ್ರಮಾಣಪತ್ರ ಬೇಕು. ತಾಣದಿಂದ ಇಳಿಸಿಕೊಂಡ ಚಿತ್ರ ನಡೆಯುವುದಿಲ್ಲ.

ಹೊರಡುವಾಗ ಗ್ರಿಫಿತ್ ನಕ್ಷೆಯ ಪ್ರತಿ, 1901ರ ಹಾಳೆಯ ಪ್ರತಿ, ವಲಸೆ ಹೋದವರ ಒಂದು ಫೋಟೊ ಕೈಯಲ್ಲಿರಲಿ. ಮೊದಲು ಪ್ಯಾರಿಷ್ಷಿನ ಚರ್ಚಿಗೆ ಹೋಗಿ ಅದರ ಅಂಗಳದ ಗೋರಿಗಳನ್ನು ನೋಡಿ, ಆಮೇಲೆ ಟೌನ್‌ಲ್ಯಾಂಡಿಗೆ ಹೋಗಿ. ಹಳೆಯ ಮನೆಯ ಗೋಡೆ ಈಗ ಯಾರದೋ ಹೊಲದ ನಡುವೆ ಇರುತ್ತದೆ, ಒಡೆಯರನ್ನು ಕೇಳಿ ಒಳಗೆ ಕಾಲಿಡಿ. ಕೇಳುವ ಹೊತ್ತಿನಲ್ಲೇ ಮನೆತನದ ಹೆಸರು ಹೇಳಿ. ಆ ಹೆಸರಿನವರು ಯಾವ ಹೊಲದಲ್ಲಿದ್ದರು, ಯಾವಾಗ ಹೋದರು ಎಂದು ಊರಿನ ಹಿರಿಯರಲ್ಲಿ ಯಾರಾದರೂ ಹೇಳಿದರೆ ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಅಲ್ಲೇ ಬರೆದುಕೊಳ್ಳಿ.